ಒಂಟಿ ಕೈಗವಸು

ಪಾದ್ರಿ ಬಂದರೆ ಪುಸ್ತಕ ತರುತ್ತಾರೆ,
ಇಮಾಮರು ಬಂದರೆ ಜಪಮಣಿ.
ನಾನು ತರುವುದು ಒಂದು ಕುರ್ಚಿ,
ಅದೂ ಪಕ್ಕದ ಕೋಣೆಯದು, ಒಂದು ಕಾಲು ಕುಂಟು.

ವ್ಲಿಸ್ಸಿಂಗನ್ ಆಸ್ಪತ್ರೆ, ನಾಲ್ಕನೆಯ ಮಹಡಿ.
ಎದೆಯ ಮೇಲಿನ ಚೀಟಿಯಲ್ಲಿ ನನ್ನ ಹೆಸರು, ಗೇಸ್ಕೆ,
ಕೆಳಗೆ ಸಣ್ಣಕ್ಷರದಲ್ಲಿ: ಮಾನವತಾವಾದಿ ಆಪ್ತಸಲಹೆಗಾರ್ತಿ.
ಮರೀನುಸ್ ಕನ್ನಡಕ ಏರಿಸಿ ಓದಿದ.
'ಅಂದರೆ, ದೇವರಿಲ್ಲದವರ ಪಾದ್ರಿ?'
'ಪಕ್ಕದ ಮನೆಯವಳು ಅನ್ನಿ, ಸಾಕು.'
'ಸಂಬಳ ಕೊಡುತ್ತಾರೋ?'
'ಕೊಡುತ್ತಾರೆ.'
'ಹಾಗಾದರೆ ಕೂತುಕೋ.'

ಎಂಬತ್ತೊಂದು ವರ್ಷ. ಹಡಗುಕಟ್ಟೆಯಲ್ಲಿ
ಮೂವತ್ತೆಂಟು ವರ್ಷ ಬೆಸುಗೆಯ ಹೊಗೆ ಕುಡಿದ ಶ್ವಾಸಕೋಶ.
ಕಿಟಕಿಯಾಚೆ ಸ್ಕೆಲ್ಟ್ ನದಿಯ ಬಾಯಿ,
ಆಂಟ್ವರ್ಪಿಗೆ ಹೊರಟ ಹಡಗುಗಳ ದೀಪ.
'ಇದರ ಆಮೇಲೆ ಏನು?' ಎಂದ.
'ಗೊತ್ತಿಲ್ಲ.'
'ಏನೂ ಇಲ್ಲ ಅನ್ನುತ್ತೀಯೋ, ಗೊತ್ತಿಲ್ಲ ಅನ್ನುತ್ತೀಯೋ?'
ಹಗಲಾಗಿದ್ದರೆ ಏನೂ ಇಲ್ಲ ಎಂದೇ ವಾದಿಸುತ್ತಿದ್ದೆ,
ಗೆಲ್ಲುತ್ತಲೂ ಇದ್ದೆ.
'ನಿಮ್ಮ ಕೈ ತಣ್ಣಗಿದೆ,' ಎಂದೆ, 'ಅಷ್ಟು ಗೊತ್ತು.'

ಆಗ ಹೇಳಿದ, ಐವತ್ತಮೂರರ ಆ ರಾತ್ರಿ.
ಕಟ್ಟೆ ಒಡೆದು ಸಮುದ್ರವೇ ಮನೆಗೆ ಬಂದದ್ದು,
ಒಂಬತ್ತು ವರ್ಷದ ಇವನು, ಅಕ್ಕ ಪೀಟರ್ನೆಲ್ಲಾ, ಅಪ್ಪ
ಹೆಂಚಿಗೆ ಉಗುರು ಕಚ್ಚಿ ಮಾಡಿನ ಮೇಲೆ ಕೂತದ್ದು.
ಅಪ್ಪ ಕೀರ್ತನೆ ಹಾಡಿದ, ಒಂದಾದ ಮೇಲೆ ಒಂದು,
ಗಂಟಲು ಕಟ್ಟುವವರೆಗೆ.
ಬೆಳಗಿನ ಜಾವ ಒಂದು ದೋಣಿ.
ದೋಣಿಯವನ ಬಾಯಲ್ಲಿ ಜಿನ್ ವಾಸನೆ;
ದೇವರ ಹೆಸರು ಬಂದದ್ದು ಬರಿಯ ಬೈಗುಳಕ್ಕೆ.
'ದೇವರೇ ನಿನ್ನನ್ನು ಕಳಿಸಿದ,' ಅಪ್ಪ ಅತ್ತ.
'ಯಾರೂ ಕಳಿಸಲಿಲ್ಲ, ಮಾರಾಯ.
ಕೂಗು ಕೇಳಿತು, ಬಂದೆ.
ಆ ಹುಡುಗನನ್ನು ಮೊದಲು ಇಳಿಸು.'
ನೀರನ್ನು ಕಳಿಸಿದವರು ಯಾರು ಎಂದು ಕೇಳಲು
ನಾನಿನ್ನೂ ಚಿಕ್ಕವನು, ಎಂದ ಮರೀನುಸ್.

ಎಡಗೈಯ ಉಣ್ಣೆಗವಸು ಕಿತ್ತು ಇವನಿಗೆ ತೊಡಿಸಿ,
ತನ್ನ ಕೈಗೆ ಚಿಂದಿ ಸುತ್ತಿಕೊಂಡು ಹುಟ್ಟು ಹಾಕಿದನಂತೆ.
ದಡದಲ್ಲಿ ಇಳಿಸಿ ಮತ್ತೆ ಹೋದ, ಮತ್ತೆ ಬಂದ.
ಎರಡು ಸಲ ಬಂದದ್ದನ್ನು ಕಂಡವರಿದ್ದಾರೆ.
ಮೂರನೆಯ ಸಲ—

ಕೆಮ್ಮು. ನೀರು ಕೊಟ್ಟೆ. ಒಂದು ಹಡಗು ದಾಟಿತು.

'ಸತ್ತವರ ಹೆಸರು ಕೆತ್ತಿದ ಕಲ್ಲು ನಮ್ಮೂರಲ್ಲಿದೆ.
ಒಂದು ಸಲವೂ ಓದಲಿಲ್ಲ.
ಅವನ ಹೆಸರು ನನಗೆ ಗೊತ್ತಾಗದಿರುವವರೆಗೆ
ಅವನು ಎಲ್ಲಿಯೋ ಬೈಯುತ್ತಾ ಇದ್ದಾನೆ, ಅಲ್ಲವೇ?
ಹೇಡಿತನ, ಗೊತ್ತು.'
ಬಿಸ್ಕತ್ತಿನ ಡಬ್ಬಿ ತೆರೆದ. ನುಸಿ ತಿಂದ ಬೂದುಬಣ್ಣದ ಗವಸು,
ಹೆಬ್ಬೆರಳಿನ ತುದಿಯಲ್ಲಿ ಯಾರೋ ಹಾಕಿದ ಕೆಂಪು ಹೊಲಿಗೆ.
'ದೇವರ ಹಂಗು ನನಗಿಲ್ಲ. ಇವನದಿದೆ.
ಇದನ್ನು ಹಿಂತಿರುಗಿಸಬೇಕು.'
'ಯಾರಿಗೆ?'
'ನಿನ್ನನ್ನು ಕೇಳುತ್ತಿರುವುದೂ ಅದನ್ನೇ.
ಸಂಬಳ ತೆಗೆದುಕೊಳ್ಳುವವಳು ನೀನು.'

ಮರುದಿನ ಸಂಜೆ ಅಕ್ಕ ಬಂದಳು, ಕಪ್ಪು ಟೋಪಿ, ಕೀರ್ತನೆಯ ಪುಸ್ತಕ.
'ಹಾಡಲಿ ಬಿಡು,' ನನ್ನತ್ತ ಕಣ್ಣು ಮಿಟುಕಿಸಿದ,
'ಅವಳಿಗೆ ಬೇಕು.'
ಕುಂಟು ಕುರ್ಚಿ ಅವಳಿಗೆ ಕೊಟ್ಟು ನಾನು ಗೋಡೆಗೆ ನಿಂತೆ.
ಎರಡನೆಯ ಚರಣಕ್ಕೆ ಅವನ ತುಟಿಯೂ ಅಲುಗಿತು,
ನಂಬಿಕೆಯಿಂದಲ್ಲ; ಧಾಟಿ ನೆನಪಿತ್ತು, ಅಷ್ಟೆ.
ನನಗೇಕೆ ಕಣ್ಣು ಒದ್ದೆಯಾಯಿತೋ.

ಆಸ್ಪತ್ರೆಯ ನೆಲಮಹಡಿಯಲ್ಲಿ ಒಂದು ಕಪಾಟು,
ಜನ ಮರೆತುಹೋದ ಛತ್ರಿ, ಹಲ್ಲುಸೆಟ್ಟು, ಮಗುವಿನ ಬೂಟು.
ಮೂರು ತಿಂಗಳು ಯಾರೂ ಕೇಳದಿದ್ದರೆ
ಎಸೆಯಬೇಕೆಂದು ನಿಯಮ.
ತೊಂಬತ್ತು ದಿನ ತುಂಬುವ ಮುಂಚೆ ಇಳಿದುಹೋಗಿ
ಗವಸಿಗೆ ಹೊಸ ಚೀಟಿ ಕಟ್ಟಿ ಬರುತ್ತೇನೆ.
ಇದು ಐದನೆಯದು.
ಕಾವಲಿನವ ಈಗ ಕಾರಣ ಕೇಳುವುದಿಲ್ಲ,
ಪೆನ್ನು ತಾನಾಗಿಯೇ ಮುಂದೆ ಚಾಚುತ್ತಾನೆ.
ಸಿಕ್ಕ ಸ್ಥಳ: ನೀರಿನ ಮೇಲೆ.
ಯಾರದು: ಕೂಗು ಕೇಳಿ ಬಂದವರದು.

ಮೇಲಿನ ಮಹಡಿಯಲ್ಲಿ ಗಂಟೆ ಒತ್ತುತ್ತಿದ್ದಾರೆ.
ಕುರ್ಚಿ ಎಲ್ಲಿಟ್ಟೆನೋ, ಹುಡುಕಬೇಕು.