ಅರ್ತ್

ಆಕ್ಸಿಲರೇಟರ್ ತುಳಿದಷ್ಟೂ ಏರುವ ಒಂದು ಕೀರಲು,
ಹಾಡಿನ ಹಿಂದೆ ಯಾರೋ ಹಲ್ಲು ಕಡಿದ ಹಾಗೆ.
ಎಂಜಿನ್ ನಿಂತರೆ ಅದೂ ನಿಲ್ಲುತ್ತದೆ.
ಹಳೆಯ ಕಾರು, ಮೂರನೆಯ ಮಾಲೀಕ ನಾನು,
ಡಿಕ್ಕಿಯ ಆಂಪ್ಲಿಫೈಯರ್ ಯಾರ ಕಾಲದ್ದೋ.

ಶಿಡ್ಲಘಟ್ಟ. ಗೂಡಿನ ಮಾರುಕಟ್ಟೆ ದಾಟಿದರೆ
ಎಡಕ್ಕೆ ಇನಾಯತ್ ಪಾಷನ ಅಂಗಡಿ.
ಪಕ್ಕದ್ದು ಬಿಚ್ಚಾಣಿಕೆ ಮನೆ; ಬೆಂದ ಹುಳುವಿನ ವಾಸನೆಗೆ
ಹೊಸಬರಷ್ಟೇ ಮೂಗು ಮುಚ್ಚುತ್ತಾರೆ.
ನಾನು ಇದೇ ಊರಲ್ಲಿ ಹನ್ನೊಂದು ವರ್ಷ
ವ್ಯಾಕರಣ ಹೇಳಿದವನು.

ಕೀರಲನ್ನು ಒಂದೇ ಸಲ ಕೇಳಿದ.
"ಅರ್ತ್ ಇಲ್ಲ ಸಾರ್."
"ಯಾವುದಕ್ಕೆ ಅರ್ಥ ಇಲ್ಲ?"
"ಆಂಪ್ಲಿಗೆ."

ಬಾನೆಟ್ ಎತ್ತಿ ಬ್ಯಾಟರಿಯ ಕಪ್ಪು ತಂತಿ ಬಿಚ್ಚಿಟ್ಟ.
"ಕಪ್ಪು ಮೊದಲು ಬಿಚ್ಚೋದು, ಕೊನೆಗೆ ಕಟ್ಟೋದು.
ಉಲ್ಟಾ ಮಾಡಿದ್ರೆ ಸ್ಪ್ಯಾನರ್ರೇ ಪಾಠ ಹೇಳತ್ತೆ"
ಅಂದದ್ದು ಹುಡುಗ ಪಿಳ್ಳಾಂಜಿಗೆ, ನನಗಲ್ಲ.
ಪಾಷನ ಎಡ ಮಣಿಕಟ್ಟಿನಲ್ಲಿ
ಸ್ಟೀಲ್ ವಾಚಿನ ಪಟ್ಟಿಯಗಲ ಸುಟ್ಟ ಕಲೆ.
ಅವತ್ತಿನಿಂದ ಅಂಗಡಿಯಲ್ಲಿ ಟೈಮ್ ಕೇಳುವಂತಿಲ್ಲ.

ಕೆಂಪು ತಂತಿ ಹಿಡಿದು ಹೊರಟ.
ಹದಿನಾರರವರೆಗೂ ಕುದಿನೀರಿನ ಬಾಣಲೆಯಲ್ಲಿ
ಗೂಡಿನ ಎಳೆಯ ತುದಿ ಹುಡುಕಿದ ಬೆರಳು,
ಮ್ಯಾಟಿನಡಿ ಕಣ್ಣಿಗೆ ಸಿಗದ್ದು ಅದಕ್ಕೆ ಸಿಗುತ್ತದೆ.
ನನ್ನ ಸೀಟಿನ ಹಳಿಯ ಹತ್ತಿರ ಬೆರಳು ನಿಂತಿತು.

ತಂತಿಯ ಸಿಪ್ಪೆ ಸವೆದು ತಾಮ್ರ ಇಣುಕಿತ್ತು,
ಸೀಟು ಎಳೆದಾಗಲೆಲ್ಲ ಒಂದಿಷ್ಟು, ಒಂದಿಷ್ಟು.
ಮ್ಯಾಟಿನ ಒಳಮೈಗೆ ಕಂದು ಮಚ್ಚೆ,
ಚಪಾತಿ ಸೀದಷ್ಟು.
"ಫ್ಯೂಸ್ ಎಲ್ಲಿ ಸಾರ್?"
ಬ್ಯಾಟರಿಯಿಂದ ಗೇಣೊಳಗೆ ಇರಬೇಕಾದದ್ದು
ಗೇಣಲ್ಲೂ ಇಲ್ಲ, ಮಾರಲ್ಲೂ ಇಲ್ಲ.

ಎರಡು ವರ್ಷ.
ಚಿಂತಾಮಣಿಗೆ, ಜಂಗಮಕೋಟೆಗೆ, ಒಮ್ಮೆ ರಾತ್ರಿ ಮದನಪಲ್ಲಿಗೆ,
ಹಿಂದಿನ ಸೀಟಿನಲ್ಲಿ ಮಗಳು ಬಾಯಿ ತೆರೆದು ನಿದ್ದೆ.
ಇಷ್ಟು ದಿನ ನಾನು ಬೈದದ್ದು ಕೀರಲನ್ನು.
ಇದು ಸದ್ದೇ ಮಾಡಿರಲಿಲ್ಲ.

ಹೊಸ ತಂತಿ ಬಂತು. ತಗಡಿನ ತೂತಿಗೆ ರಬ್ಬರ್ ಬಳೆ,
ತಂತಿಯ ದಪ್ಪ ನೋಡಿ ಆರಿಸಿದ ಫ್ಯೂಸು.
"ದೊಡ್ಡದು ಹಾಕಿದ್ರೆ ಫ್ಯೂಸ್ ಉಳಿಯತ್ತೆ, ಕಾರು ಉಳಿಯಲ್ಲ."
ಆಮೇಲೆ ಡಿಕ್ಕಿಯೊಳಗೆ ತಲೆಯಿಟ್ಟು ನಕ್ಕ:
ಹಳಬ ಯಾರೋ ಅರ್ತ್ ತಂತಿಯನ್ನು
ಪೇಂಟಿನ ಮೇಲೇ ಬಿಗಿದಿದ್ದ.
"ಬಣ್ಣಕ್ಕೆ ಕಟ್ಟಿದ್ರೆ ಅರ್ತ್ ಎಲ್ಲಿಂದ ಬರತ್ತೆ ಸಾರ್?"

ಬೆಳಿಗ್ಗೆ ತಾನೇ ಒಂಬತ್ತನೆಯ ತರಗತಿಗೆ
ಉಪಮೆ, ಉತ್ಪ್ರೇಕ್ಷೆ ಬರೆಸಿ ಬಂದಿದ್ದೆ.
ಸುಮ್ಮನಿದ್ದೆ.

ಪಿಳ್ಳಾಂಜಿ ಉಪ್ಪುಕಾಗದದಲ್ಲಿ ಉಜ್ಜಿದ,
ಬೂದು ಹೋಗಿ, ಕೆಂಪು ಹೋಗಿ, ಬೆತ್ತಲೆ ಕಬ್ಬಿಣ ಹೊಳೆಯುವ ತನಕ.
ಬೋಲ್ಟು ಬಿಗಿದು ಮೀಟರ್ ಇಟ್ಟರು.
ಸೊನ್ನೆ.
ಸೊನ್ನೆ ಕಂಡು ಇಬ್ಬರ ಮುಖವೂ ಅರಳಿತು.
ನನ್ನ ಕಸುಬಿನಲ್ಲಿ ಹೀಗೆ ಆದದ್ದಿಲ್ಲ.

ಕಪ್ಪು, ಕೊನೆಗೆ.
ಎಂಜಿನ್ ಎದ್ದಿತು, ಕೀರಲು ಏಳಲಿಲ್ಲ.
ಸ್ಪೀಕರಿನಲ್ಲಿ ಮೌನ; ಅದರಾಚೆ ಪಕ್ಕದ ಮನೆಯ ರಾಟೆ
ಗರಗರ ತಿರುಗುವುದು ಕೇಳುತ್ತಿತ್ತು.
"ಹಾಡು ಹಾಕಿ ನೋಡಿ ಸಾರ್."
ಹಾಕಿದೆನೋ ಇಲ್ಲವೋ ನೆನಪಿಲ್ಲ.

ಮನೆಯ ಮುಂದೆ ಕಾರು ನಿಲ್ಲಿಸಿ
ಸೀಟನ್ನು ಒಮ್ಮೆ ಮುಂದೆ ಎಳೆದೆ, ಹಿಂದೆ ತಳ್ಳಿದೆ,
ಮತ್ತೊಮ್ಮೆ ಮುಂದೆ ಎಳೆದೆ.