ಚಾಮರದಾಕಿ

ಗೋರೆಗಾಂವದ ಸ್ಟುಡಿಯೋದಾಗ
ಕಾದ ತಗಡಿನ ಕೆಳಗ
ಹದಿನೇಳು ದಿನ ನಾನು ಅರಮನ್ಯಾಗಿದ್ದೆ.
ದಿನಕ್ಕ ನಲವತ್ತು ರೂಪಾಯಿ, ಊಟ, ಒಂದು ಚಹಾ.
ರಾಣಿಯ ಎಡಕ್ಕ ನಿಂತು ಚಾಮರ ಬೀಸೂದು,
ಗಾಳಿ ಮಾತ್ರ ಬರಬಾರದು.
ಬಂದರ ಆಕಿ ಮುಂಗುರುಳು ಹಾರ್ತಾವು,
ಹಿಂದಿನ ಶಾಟಿಗೆ ಕೂಡೂದಿಲ್ಲ.

ಗಾಳಿ ಇಲ್ಲದ ಬೀಸೂದು ಕಲಿಯಾಕ
ನನಗ ಎರಡು ದಿನ ಹಿಡೀತು.

ಕಥಿ ನಿಮಗ ಗೊತ್ತದ, ಇಲ್ಲಾಂದ್ರೂ ಊಹಿಸ್ತೀರಿ:
ರಾಜಕುಮಾರಿ, ಆನಿ ಕಾಯೋ ಹುಡುಗ,
ಅರಸನ ಕಿವ್ಯಾಗ ದಿವಾನನ ಬಾಯಿ,
ಬೆಳ್ಳಿ ಬಟ್ಟಲದಾಗ ವಿಷ.
ವಿಷ ಅಂದ್ರ ಕೋಕಮ್ ಶರಬತ್ತು.
ಅರಸನ ತಮ್ಮ ಅದನ್ನ ಕುಡದು ಒಂಬತ್ತು ಸಲ ಸತ್ತು
ಹತ್ತನೇ ಸಲಕ್ಕ ಖರೇನ ಹೊಟ್ಟಿ ಕೆಟ್ಟು
ಕಾರು ತರಿಸಿಕೊಂಡು ಮನಿಗೆ ಹೋದ.

ಬಾಗಿಲದ ಆ ಕಡೆ ಭರ್ಚಿ ಹಿಡದು ನಿಂತಾಂವ
ಹನೀಫ್ ಮುಕಾದಮ್, ದಾಪೋಲಿ ಕಡಿಯಾಂವ.
ಭರ್ಚಿ ತುದಿ ರಬ್ಬರಿಂದು,
ಬಿಸಿಲಿಗೆ ಮೆತ್ತಗಾಗಿ ಕೆಳಗ ಬಾಗತಿತ್ತು.
ತುಟಿ ಅಲುಗಿಸದ ಮಾತಾಡಾಕ ಬರ್ತಿತ್ತು ಅವಗ,
ಹದಿನೈದು ವರ್ಷ ಸಿಪಾಯಿ ಆಗಿ ನಿಂತ ವಿದ್ಯಾ.
“ನಿನ್ನ ಮಹಾರಾಣಿ ಈಗ ಮೂರು ವಡಾಪಾವ್ ತಿಂದು ಬಂದಾಳ”
ಅಂತಿದ್ದ. ನಗು ನುಂಗಿ ನುಂಗಿ
ನನ್ನ ಪಕ್ಕಡಿ ನೋಯ್ತಿದ್ದವು.

ನನ್ನ ಗಂಡ ಆಗ ಗಿರಣಿ ಬಂದಾಗಿ
ಲೋವರ್ ಪರೇಲದ ಚಾಳದಾಗ
ಗ್ವಾಡಿಗೆ ಮಾರಿ ಮಾಡಿ ಮಲಗತಿದ್ದ.
ಕೆಟ್ಟಾಂವಲ್ಲ. ಮಗ್ಗದ ಸಪ್ಪಳ ಇಲ್ಲದ
ನಿದ್ದಿ ಹತ್ತೂದಿಲ್ಲ ಅಂತಿದ್ದ, ಅಷ್ಟ.
ಇಂಡಿ ಕಡೆಯಿಂದ ಬಂದ ನಮ್ಮ ಮಂದಿ ನೂರು ಮನಿ ಆ ಗಲ್ಲಿಯಾಗ,
ನೂರು ಮನಿಯಾಗೂ ಒಬ್ಬ ದಿವಾನ.
ಆ ಹೆಸರು ಬಾಯಿಗೆ ಬಂದೀತು ಅಂತ
ನಿದ್ದಿಯಾಗೂ ಸೆರಗು ಕಚ್ಚಿಕೊಂಡು ಮಲಗತಿದ್ದೆ.

ಏನಾಗಿತ್ತು ಅಂತೀರಿ? ಏನೂ ಆಗಿರಲಿಲ್ಲ.
ಒಂದು ಸಂಜಿ ಸ್ಟೇಶನ್ನಿನ ಬ್ರಿಜ್ ಮ್ಯಾಲ
ನನ್ನ ಹಣಿಗೆ ಉಳದಿದ್ದ ದಾಸಿ ಬೊಟ್ಟನ್ನ
ತನ್ನ ದಸ್ತಿಲೆ ಒರಸಿದ.
“ಹಿಂಗ ಲೋಕಲ್ ಹತ್ತಿದ್ರ ಟೀಸಿ ಟಿಕೀಟು ಕೇಳೂದಿಲ್ಲ,
ಮುಜುರೆ ಮಾಡ್ತಾನ” ಅಂದ.
ನಾಕು ಗಾಡಿ ಬಿಟ್ಟಿವಿ ಅವತ್ತು.

ಕಡೀ ದಿನ. ರಾಜಕುಮಾರಿನ್ನ ನಿಲ್ಲಿಸಿ ಗ್ವಾಡಿ ಕಟ್ಟಬೇಕು.
ಥರ್ಮೋಕೋಲಿನ ಕಲ್ಲು, ಸುಣ್ಣದ ಬದಲಿ ಮೈದಾ.
ಸಾಲು ಏರಿದಂಗ ಆಕಿ ಗದ್ದ ಹೋತು, ಮೂಗು ಹೋತು.
“ದಾಸಿ, ಸಿಪಾಯಿ, ಎಲ್ಲಾರೂ ನೆಲ ನೋಡ್ರಿ,
ಒಬ್ಬರೂ ಕಣ್ಣೆತ್ತಬಾರದು”
ಭೋಂಗಾದಾಗ ಡೈರೆಕ್ಟರ್ ಒದರಿದ.

ಮರುದಿನ ಅಂವ ಬ್ಯಾರೆ ಸ್ಟುಡಿಯೋದಾಗ
ಮೊಘಲರ ಫೌಜಿಗೆ ಸೇರಿದ.
ನಾನು ದಾದರಿಗೆ ಹೂ ಕಟ್ಟಾಕ ಹೋದೆ.

ಮೂವತ್ತೇಳು ವರ್ಷ ಆತು.
ನಿನ್ನೆ ಮಧ್ಯಾಹ್ನ, ನಾಲಾಸೋಪಾರಾದ ಮನಿಯಾಗ,
ಟಿವಿಗೆ ಬಂತು ಅದು. ಬಣ್ಣ ತೊಳದು ಹೊಸದು ಮಾಡ್ಯಾರಂತ.
ಅಜ್ಜಿ ಅದೀನಿ ನೋಡು ಅಂದೆ ಮೊಮ್ಮಗಳಿಗೆ.
“ಎಲ್ಲಿ? ಎಲ್ಲಿ?”
ಪರದೆಯ ಎಡ ಅಂಚಿಗೆ ನನ್ನ ಮೊಣಕೈ.
ಬಲ ಅಂಚಿಗೆ ಒಂದು ಭರ್ಚಿ.
ನಡುವ ಇಡೀ ರಾಜ್ಯ.

ಆಮ್ಯಾಲ ಗ್ವಾಡಿ ಬಂತು.
ಕ್ಯಾಮೆರಾ ಹಿಂದ ಸರೀತು, ಮತ್ತ ಸರೀತು,
ತಲಿ ತಗ್ಗಿಸಿದ ಅರವತ್ತು ಮಂದಿ.
ಅವರೊಳಗ ಎರಡು ಮಾರಿ ಎತ್ತಿದ್ದವು,
ಅಕ್ಕಿಯಾಗಿನ ಹಳ್ಳಿನಷ್ಟು ಸಣ್ಣವು.
ರಾಜಕುಮಾರಿ ಕಡೆ ಅಲ್ಲ, ನೆಲದ ಕಡೆ ಅಲ್ಲ.
ಎಡಿಟರ್ ಕಂಡಿಲ್ಲ. ಸೆನ್ಸಾರಿನವರು ಕಂಡಿಲ್ಲ.
ಇಪ್ಪತ್ತೈದು ವಾರ ಓಡಿತ್ತು ಆ ಪಿಚ್ಚರು,
ನಮ್ಮ ಗಲ್ಲಿ ನಾಕ್ನಾಕು ಸಲ ನೋಡಿತ್ತು.
ನನ್ನ ಗಂಡ ನನ್ನ ಪಕ್ಕಕ್ಕ ಕೂತು
ಆ ಗ್ವಾಡಿ ನೋಡಿ ಅತ್ತಿದ್ದ,
ನನ್ನ ಸೆರಗಿಲೇ ಮೂಗು ಒರಸಿಕೊಂಡಿದ್ದ.

“ಅಜ್ಜಿ, ನೀ ಎಲ್ಲೂ ಇಲ್ಲ” ಅಂದಳು ಹುಡುಗಿ.
ಸಾಬೂನಿನ ಜಾಹೀರಾತು ಸುರುವಾತು.
ನಾಕಕ್ಕ ನಳ ಬರ್ತದ,
ಕೊಡ ಹಚ್ಚಬೇಕಾಗಿತ್ತು.
ಎದ್ದೆ.