ಪಾಯಿಂಟ್ ಸೊನ್ನೆ ನಾಲ್ಕು

ಯಾರು ಕೆಲಸ ಬಿಡುತ್ತಾರೆಂದು ಮೂರು ತಿಂಗಳು ಮೊದಲೇ
ಹೇಳಿಬಿಡುವ ಲೆಕ್ಕವನ್ನು ಬರೆದವಳು ನಾನೇ.
ಮಾರುವುದಕ್ಕೆಂದು ಬರೆದದ್ದು,
ಬ್ಯಾಂಕಿನವರಿಗೆ, ಸಿಮೆಂಟಿನವರಿಗೆ,
ಹರಿಹರದಾಚೆಯ ಒಂದು ನೂಲಿನ ಗಿರಣಿಗೆ.
ಮೊದಲು ನಮ್ಮ ಮೇಲೇ ಓಡಿಸಿ ನೋಡೋಣ ಅಂದರು
ಪುಣೆಯಿಂದ ಪರದೆಯಲ್ಲಿ ಮುಖ ತೋರಿಸುವವರು.

ಹದಡಿ ರಸ್ತೆಯ ಮೂರನೇ ಮಹಡಿಯ ನಾವು
ನಲವತ್ತೊಂದು ಸಾಲು.
ಒಬ್ಬೊಬ್ಬರಿಗೂ ಹದಿನೆಂಟು ಕಾಲಂ:
ವಯಸ್ಸು, ಸೇರಿದ ವರ್ಷ, ಬಡ್ತಿಯಾಗಿ ಎಷ್ಟು ದಿನ,
ಮನೆಯಿಂದ ಎಷ್ಟು ಕಿಲೋಮೀಟರು,
ರಜೆ ಕೇಳುವ ಮುಂಚೆ ಎಷ್ಟು ಸಲ ‘ಸಾರಿ’ ಅನ್ನುತ್ತಾರೆ...
ಇಲ್ಲ, ಈ ಕೊನೆಯದು ಇರಲಿಲ್ಲ. ಇರಬೇಕಿತ್ತು.

ಬಕ್ಕೇಶನಿಗೆ ಬಂದದ್ದು ಪಾಯಿಂಟ್ ಎಂಟು ಒಂದು.
ಅವನಿಗದು ಗೊತ್ತಿಲ್ಲ. ಅವತ್ತು ಮಧ್ಯಾಹ್ನ
ಖಾಲಿ ದೋಸೆಯೋ ಬೆಣ್ಣೆ ದೋಸೆಯೋ ಎಂದು
ಅರ್ಧ ಗಂಟೆ ತೀರ್ಮಾನವಾಗದೆ
ಕೊನೆಗೆ ಮನೆಯ ಡಬ್ಬಿಯನ್ನೇ ಬಿಚ್ಚಿದವನು.
ಮುಂದಿನ ವಾರ ಕರೆದರು, ಸಂಬಳ ಏರಿಸಿದರು,
ಸೊಂಟಕ್ಕೆ ಆಸರೆಯಿರುವ ಹೊಸ ಕುರ್ಚಿ ಕೊಟ್ಟರು.
ಅಂದಿನಿಂದ ಪಾಪ ಅವನಿಗೇ ಅನುಮಾನ:
‘ಅಕ್ಕಾ, ನಾನು ಹೋಗಬೇಕು ಅಂತಿದ್ದೆನಾ?’

ನನಗೆ ಪಾಯಿಂಟ್ ಸೊನ್ನೆ ನಾಲ್ಕು.
ಹತ್ತೊಂಬತ್ತು ವರ್ಷ, ಎರಡು ಕಿಲೋಮೀಟರು,
ವಿದ್ಯಾನಗರದ ಕೊನೇ ಬಸ್ ಸ್ಟಾಪು.
ನನ್ನಂಥವರು ನೂರು ಜನರಿದ್ದರೆ ಬಿಟ್ಟುಹೋಗುವವರು ನಾಲ್ವರು,
ಅದರಲ್ಲಿ ಇಬ್ಬರಾದರೂ ಸತ್ತವರಿರಬೇಕು.
‘ನಿಮ್ಮದು ಬಿಡಿ ಮೇಡಂ, ನೀವು ಇಲ್ಲಿಯ ಕಂಬ.’
ಕಂಬಕ್ಕೆ ಯಾರೂ ಕುರ್ಚಿ ಹಾಕುವುದಿಲ್ಲ.
ಆ ವರ್ಷ ನನಗೆ ಏರಿದ್ದು ಎರಡೂವರೆ ಪರ್ಸೆಂಟು.

ಲೆಕ್ಕ ತಪ್ಪಿರಬಹುದೆಂದು ಎರಡು ಸಲ ತಿರುವಿದೆ.
ತಪ್ಪಿರಲಿಲ್ಲ.
ತಪ್ಪಿದ್ದರೆ ನನಗೇ ನಾಚಿಕೆಯಾಗುತ್ತಿತ್ತು, ಅದು ಬೇರೆ ಮಾತು.

ಹಳೆಯ ಆರನೇ ಆವೃತ್ತಿಯ ಹೊಟ್ಟೆಯಲ್ಲಿ ಏನಿದೆ ಎಂದು
ಬಲ್ಲವರು ಈಗ ಇಬ್ಬರೇ. ಇನ್ನೊಬ್ಬರು
ಕೊಂಡಜ್ಜಿಯ ಹತ್ತಿರ ಜೇನು ಸಾಕುತ್ತಾರೆ, ಫೋನು ಎತ್ತುವುದಿಲ್ಲ.
ವಿಮಾ ಕಂಪನಿಯೊಂದರ ವರದಿಯಲ್ಲಿ
ಒಂದು ರೂಪಾಯಿ ಕಮ್ಮಿ ಎಂದು ರಾತ್ರಿ ಹನ್ನೊಂದಕ್ಕೆ ಕರೆ ಬಂದರೆ
ಆ ರೂಪಾಯಿ ಎಲ್ಲಿ ಅಡಗಿದೆ ಎಂದು ನನಗೆ ಗೊತ್ತು:
ಫೆಬ್ರವರಿ ಇಪ್ಪತ್ತೊಂಬತ್ತರ ಹಿಂದೆ.
ಎರಡು ಸಾವಿರದ ಏಳರಲ್ಲಿ, ಅವಸರದಲ್ಲಿ,
ಅಲ್ಲಿ ಅದನ್ನು ಅಡಗಿಸಿದವಳು ನಾನೇ.
ಇದಕ್ಕೂ ಕಾಲಂ ಇರಲಿಲ್ಲ.

ಚಹಾ ಕೊಡುತ್ತಿದ್ದ ಉಚ್ಚೆಂಗಮ್ಮ ಗುತ್ತಿಗೆಯವಳು,
ನಲವತ್ತೊಂದರಲ್ಲಿ ಸೇರಿದವಳಲ್ಲ.
ಯಾರಿಗೆ ಸಕ್ಕರೆ ಬೇಡ, ಯಾರು ಬೇಡವೆಂದು ಹೇಳಿ ಹಾಕಿಸಿಕೊಳ್ಳುತ್ತಾರೆ,
ಅವಳ ಬೆರಳಿಗೆ ಗೊತ್ತಿತ್ತು.
ಒಂದು ಸೋಮವಾರ ಬರಲಿಲ್ಲ.
ಮೂಲೆಯಲ್ಲಿ ಒಂದು ಮಶೀನು ನಿಂತಿತ್ತು,
ಮೂರು ಗುಂಡಿ, ಮೂರಕ್ಕೂ ಅದೇ ರುಚಿ.
ನಮ್ಮ ಯಾವ ಪರದೆಯೂ ಕೆಂಪಾಗಲಿಲ್ಲ.

ನಿನ್ನೆ ನಾಲ್ಕಕ್ಕೇ ಎದ್ದು ಹೊರಟೆ,
ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, ಯಾರಿಗೂ ಹೇಳದೆ.
ಎಲ್ಲಿಗೆಂದು ನನಗೂ ಗೊತ್ತಿರಲಿಲ್ಲ.
ಮಂಡಕ್ಕಿ ಭಟ್ಟಿಗಳ ಓಣಿ, ಗೋಡೆಯೆಲ್ಲ ಮಸಿ,
ಮರಳು ಜರಡಿ ಹಿಡಿಯುವ ಸದ್ದು.
ಒಂದು ಬಾಗಿಲಲ್ಲಿ ಮೂಟೆಗಳ ನಡುವೆ ಅವಳು.

‘ಇನ್ನೂ ಅಲ್ಲೇ ಅದೀರೇನಕ್ಕ?’
ಹೂಂ ಅನ್ನಲೋ ಬೇಡವೋ, ನಕ್ಕೆ.
ಎರಡು ಸೇರು ಅಳೆದು ಸುರಿದಳು.
ಮೇಲೊಂದು ಹಿಡಿ ಕೊಸರು ಹಾಕಿದಳು,
ನನ್ನ ಮುಖ ನೋಡಿ ಇನ್ನೊಂದು.